ಪೆಟಾರ್ಡ್ ಅಂದರೆ ಕ್ರೇನಾ? ಒಂದು ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡ ಬೇಕಾಗಿದೆ

ಕಾಗದದ ದೋಣಿ

ಎರಡು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಒಂದು ಇಂಗ್ಲಿಷ್ ಸಣ್ಣಕಥೆ ಅನುವಾದ ಮಾಡುತ್ತಿದ್ದೇನೆ. ಕಥೆಯಲ್ಲಿ ಒಬ್ಬ ಮನೆ ಮಾಲೀಕ ಇದ್ದಾನೆ, ಮಹಾ ಕಿಲಾಡಿ. ಬಾಡಿಗೆಗೆ ಇರುವವರನ್ನು ಹೇಗಾದರೂ ಓಡಿಸಬೇಕು ಅಂತ ಕರಾರುಪತ್ರದಲ್ಲಿ ಒಂದು ಸಾಲು ಸೇರಿಸುತ್ತಾನೆ. ಪತ್ರದ ಯಾವ ಮಾತನ್ನು ಯಾರೇ ತಪ್ಪಿದರೂ ಒಂದು ವರ್ಷದ ಬಾಡಿಗೆಯಷ್ಟು ದಂಡ ಕಟ್ಟಬೇಕು. ಬಾಡಿಗೆಯವರು ಎಂದಾದರೂ ಒಂದು ದಿನ ತಡ ಮಾಡೇ ಮಾಡುತ್ತಾರೆ ಅನ್ನೋದು ಅವನ ಲೆಕ್ಕ. ಆದರೆ ಚಾವಣಿ ಸೋರುತ್ತದೆ. ರಿಪೇರಿ ಮಾಲೀಕನ ಹೊಣೆ ಅಂತ ಅದೇ ಪತ್ರದಲ್ಲಿದೆ. ಇವನು ಮಾಡಿಸುವುದಿಲ್ಲ. ಕೋರ್ಟು ಇವನಿಗೇ ದಂಡ ಹಾಕುತ್ತದೆ. ಆಗ ಎದುರು ವಕೀಲ ಮೆಲ್ಲಗೆ ಹೇಳುವ ಮಾತು: ‘ಹೋಯ್ಸ್ಟ್ ವಿತ್ ಹಿಸ್ ಓನ್ ಪೆಟಾರ್ಡ್.’

ಮೊಬೈಲಿನ ಅನುವಾದ ಆ್ಯಪ್‌ಗೆ ಹಾಕಿ ನೋಡಿದೆ. ‘ಅವನು ತನ್ನ ಸ್ವಂತ ಪೆಟಾರ್ಡ್‌ನಿಂದ ಮೇಲಕ್ಕೆತ್ತಲ್ಪಟ್ಟನು’ ಎಂದು ಬಂತು. ನಮ್ಮ ಮನೆಯವರು ಓದಿ, "ಪೆಟಾರ್ಡ್ ಅಂದರೆ ಕ್ರೇನಾ?" ಎಂದರು.

‘ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ’ ಅಂತ ಬರೆದು ಮುಂದೆ ಹೋಗಬಹುದು, ಗೊತ್ತು. ಆದರೆ ವಕೀಲನ ಬಾಯಲ್ಲಿ ಆ ಮಾತಿಗೆ ಒಂದು ಮೊನೆ ಇದೆ. ಹಳ್ಳ ಅಂದ ಕೂಡಲೇ ಅದು ಮೊಂಡಾಗುತ್ತದೆ. ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?

ಧಾರವಾಡ ಫೇಡಾ

ತಿರುಗುಬಾಣ! ‘ಅವನ ಷರತ್ತು ಅವನಿಗೇ ತಿರುಗುಬಾಣವಾಯಿತು.’ ಎರಡು ದಿನದ ಕೆಲಸ ಎರಡು ಸೆಕೆಂಡಿನಲ್ಲಿ ಮುಗೀತು. ಹೋಗಿ ಚಹಾ ಕುಡೀರಿ ಅಕ್ಕಾರ.

ಮೂರನೇ ಬೆಂಚು

ಪೆಟಾರ್ಡ್ ಅಂದರೆ ಒಂಥರಾ ಹಗ್ಗ ಅಲ್ವಾ? ಬಾವುಟ ಏರಿಸುವ ಹಗ್ಗಕ್ಕೆ ಕಾಲು ಸಿಕ್ಕಿ ತಾನೇ ಮೇಲೆ ಹೋಗೋದು. ನಾನು ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ಹಳೇ ಮೇಷ್ಟ್ರು

ಹಗ್ಗ ಅಲ್ಲಪ್ಪಾ, ಬಾಂಬು. ತುಂಬಾ ಜನ ಹಗ್ಗ, ಕಂಬ, ಕತ್ತಿ ಅಂತೆಲ್ಲ ಅಂದುಕೊಂಡಿದ್ದಾರೆ. ‘ಹೋಯ್ಸ್ಟ್’ ಅನ್ನುವ ಪದವೇ ದಾರಿ ತಪ್ಪಿಸುವುದು. ಈಗ ಅದಕ್ಕೆ ಎತ್ತು, ಏರಿಸು ಅನ್ನುವ ಅರ್ಥ. ಹಳೇ ಇಂಗ್ಲಿಷಿನಲ್ಲಿ ‘ಹೋಯ್ಸ್’ ಎಂಬ ಕ್ರಿಯಾಪದ ಇತ್ತು, ‘ಹೋಯ್ಸ್ಟ್’ ಅದರ ಭೂತಕಾಲದ ರೂಪ. ಅಂದರೆ ‘ಮೇಲಕ್ಕೆ ಹಾರಿಸಲ್ಪಟ್ಟ’. ಯಾರೂ ಅವನನ್ನು ನಿಧಾನವಾಗಿ ಎತ್ತಲಿಲ್ಲ. ಢಮಾರ್ ಎಂದು ಹಾರಿಹೋದ, ಅಷ್ಟೇ.

ಪೆಟಾರ್ಡ್ ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಬಳಕೆಗೆ ಬಂದ ಒಂದು ಸಣ್ಣ ಸ್ಫೋಟಕ. ಕಂಚಿನದೋ ಕಬ್ಬಿಣದ್ದೋ ಗಂಟೆಯಾಕಾರದ ಪಾತ್ರೆ. ಒಳಗೆ ಎರಡು ಮೂರು ಕೆಜಿ ಕೋವಿ ಮದ್ದು. ಬಾಯಿ ಮುಚ್ಚಿ, ದಪ್ಪ ಹಲಗೆಗೆ ಬಿಗಿದು, ಆ ಹಲಗೆಯನ್ನು ಕೋಟೆ ಬಾಗಿಲಿಗೆ ಕೊಕ್ಕೆ ಹಾಕಿ ನೇತುಹಾಕುವುದು. ಬತ್ತಿ ಹೊತ್ತಿಸುವುದು, ಓಡುವುದು. 1580ರಲ್ಲಿ ನವಾರ್ ಎಂಬ ಸಣ್ಣ ರಾಜ್ಯದ ದೊರೆ ಹೆನ್ರಿ ಫ್ರಾನ್ಸಿನ ಕಾಓರ್ ಪಟ್ಟಣದ ಬಾಗಿಲು ಒಡೆದದ್ದು ಹೀಗೇ.

ಕಷ್ಟ ಇದ್ದದ್ದು ಓಡುವುದರಲ್ಲಿ. ಮೇಲಿನಿಂದ ಗುಂಡು ಬೀಳುತ್ತಿರುತ್ತದೆ. ಬತ್ತಿ ಒಮ್ಮೊಮ್ಮೆ ಲೆಕ್ಕಕ್ಕಿಂತ ಬೇಗ ಉರಿಯುತ್ತದೆ. ಬಾಗಿಲಿಗೆ ಇಟ್ಟವನೇ ಬಾಗಿಲಿನ ಜೊತೆ ಹೋಗುತ್ತಾನೆ.

ಈ ಮಾತನ್ನು ನುಡಿಗಟ್ಟು ಮಾಡಿದವನು ಶೇಕ್ಸ್‌ಪಿಯರ್. ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದ ನಾಲ್ಕನೇ ದೃಶ್ಯದ ಕೊನೆಯಲ್ಲಿ ಹ್ಯಾಮ್ಲೆಟ್ ತಾಯಿಗೆ ಹೇಳುತ್ತಾನೆ: ಮದ್ದು ಮಾಡಿದವನೇ ಆ ಮದ್ದಿಗೆ ಹಾರುವುದನ್ನು ನೋಡುವುದೇ ಮಜಾ. ಒಂದು ವಿಚಿತ್ರ ಏನೆಂದರೆ, ಈ ಸಾಲುಗಳು 1604-05ರಲ್ಲಿ ಅಚ್ಚಾದ ‘ಎರಡನೇ ಕ್ವಾರ್ಟೊ’ ಎಂಬ ಸಣ್ಣ ಪುಸ್ತಕದಲ್ಲಿ ಇವೆ, 1623ರಲ್ಲಿ ಅವನ ನಾಟಕಗಳನ್ನು ಒಟ್ಟಿಗೆ ಅಚ್ಚು ಹಾಕಿದ ‘ಫೋಲಿಯೊ’ ಎಂಬ ದೊಡ್ಡ ಪುಸ್ತಕದಲ್ಲಿ ಇಲ್ಲ. ಆ ಸಣ್ಣ ಪುಸ್ತಕ ಉಳಿಯದೇ ಇದ್ದಿದ್ದರೆ ನಮ್ಮ ತಂಗಿ ಈವತ್ತು ಎರಡು ದಿನ ಉಳಿಸಿಕೊಳ್ಳುತ್ತಿದ್ದಳು.

ಫ್ರಾನ್ಸ್ ಕನ್ನಡಿಗ

ಮೇಷ್ಟ್ರೇ, ಮರ್ಯಾದೆಗೆ ಒಂದು ವಿಷಯ ಬಿಟ್ಟಿರಿ ಅನ್ನಿಸುತ್ತೆ, ನಾನು ಹೇಳಿಬಿಡುತ್ತೇನೆ. ಪೆಟಾರ್ಡ್ ಪದ ಬಂದದ್ದು ಫ್ರೆಂಚಿನ ‘ಪೆತೆ’ಯಿಂದ. ಅದರ ಅರ್ಥ ಹೂಸು ಬಿಡು. ಹ್ಯಾಮ್ಲೆಟ್ ಅಷ್ಟು ಗಂಭೀರವಾಗಿ ಹೇಳುವ ಸಾಲಿನೊಳಗೆ ಒಂದು ಹೂಸು ಕೂತಿದೆ.

ಈಗ ಇಲ್ಲಿ ‘ಪೆತಾರ್’ ಅಂದರೆ ಪಟಾಕಿ. ಜುಲೈ 14ರ ರಾಷ್ಟ್ರೀಯ ಹಬ್ಬದ ಹಿಂದೆ ಮುಂದೆ ನಮ್ಮ ಬೀದಿ ಹುಡುಗರು ಹಚ್ಚುತ್ತಾರೆ, ಅಕ್ಕಪಕ್ಕದವರು ಕಿಟಕಿಯಿಂದ ಬೈಯುತ್ತಾರೆ. ನಮ್ಮ ದೀಪಾವಳಿ ಥರವೇ.

ಮೂರನೇ ಬೆಂಚು

ಅಂದರೆ ನಮ್ಮ ‘ಪಟಾಕಿ’ ಬಂದಿದ್ದೂ ಪೆಟಾರ್ಡ್‌ನಿಂದಲೇ! ಇದು ಸೂಪರ್.

ಹಳೇ ಮೇಷ್ಟ್ರು

ಎರಡೂ ಸದ್ದು ಮಾಡುತ್ತವೆ ಅನ್ನೋದು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಪಟಾಕಿ ‘ಪಟ್ ಪಟ್’ ಅನ್ನುವ ಸದ್ದಿನ ಪದ. ನೀನು ಬೆಂಚು ಬದಲಾಯಿಸು.

ಧಾರವಾಡ ಫೇಡಾ

ಪಟಾಕಿ ಮಾತು ಬಂದದ್ದಕ್ಕೆ ನನ್ನ ‘ತಿರುಗುಬಾಣ’ದ ಪರವಾಗಿ ಒಂದು ಸಾಕ್ಷಿ ಹೇಳುತ್ತೇನೆ. ಬಾಣ ಅಂದರೆ ಬರೀ ಬಿಲ್ಲಿನ ಬಾಣ ಅಲ್ಲ, ಬಾಣಬಿರುಸಿನ ಬಾಣವೂ ಹೌದು.

ನಮ್ಮ ಕಾಕಾ ಒಬ್ಬರಿದ್ದರು. ಎದುರು ಮನೆಯವರ ಜೊತೆ ಅವರಿಗೆ ಪಾರ್ಕಿಂಗ್ ಜಗಳ. ದೀಪಾವಳಿ ಪಾಡ್ಯದ ಸಂಜೆ ರಾಕೆಟ್ಟನ್ನು ಸೋಡಾ ಬಾಟಲಿಯಲ್ಲಿ ಇಟ್ಟು, ಬಾಟಲಿಯನ್ನು ಸ್ವಲ್ಪವೇ ಸ್ವಲ್ಪ ಎದುರು ಮನೆ ಮಾಳಿಗೆ ಕಡೆ ವಾಲಿಸಿದರು. "ಸುಮ್ನೆ ಅಂಜಿಸೋಣು" ಅಂದರು. ವಾಲಲಿ ಅಂತ ಅಡಿಗೆ ಒಂದು ತೆಂಗಿನ ಚಿಪ್ಪು ಇಟ್ಟಿದ್ದರು. ಬತ್ತಿ ಹೊತ್ತಿತು, ಚಿಪ್ಪು ಉರುಳಿತು, ಬಾಟಲಿ ಗರಕ್ಕನೆ ಇತ್ತ ಕಡೆ ತಿರುಗಿತು. ರಾಕೆಟ್ಟು ಕಾಕಾನ ಕಾಲ ಸಂದಿಯಿಂದ ನಮ್ಮದೇ ಪಡಸಾಲೆಗೆ ನುಗ್ಗಿ, ಹಿಂದಿನ ದಿನವಷ್ಟೇ ಹಾಕಿದ್ದ ಹೊಸ ಪರದೆಗೆ ಹತ್ತಿಕೊಂಡಿತು. ಬಕೆಟ್ ನೀರು ತಂದು ಆರಿಸಿದವರು ಯಾರು? ಎದುರು ಮನೆಯವರು.

ಅವತ್ತಿಂದ ಪಾರ್ಕಿಂಗ್ ಜಗಳ ಬಂದ್. ಮೇಷ್ಟ್ರು ಹೇಳಿದ ಕೋಟೆ ಬಾಗಿಲಿನ ಕಥೆಗೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ ಹೇಳಿ.

ತೆಂಕುತಿಟ್ಟು

ಕಾಕಾ ಒಳ್ಳೆ ಜನ ಮಾರಾಯ್ರೆ.

ತಿರುಗುಬಾಣಕ್ಕೆ ಮಹಾಭಾರತದಲ್ಲೇ ಆಳು ಸಿಗುತ್ತಾನೆ. ದ್ರೋಣಪರ್ವದ ಶ್ರುತಾಯುಧ. ವರುಣ ಕೊಟ್ಟ ಗದೆ ಅವನ ಹತ್ತಿರ ಇರುತ್ತದೆ. ಯುದ್ಧ ಮಾಡದವನ ಮೇಲೆ ಎಸೆದರೆ ನಿನ್ನ ಮೇಲೇ ಬೀಳುತ್ತದೆ ಅಂತ ಎಚ್ಚರಿಕೆಯೂ ಇರುತ್ತದೆ. ಸಿಟ್ಟಿನಲ್ಲಿ ಸಾರಥಿ ಕೃಷ್ಣನ ಮೇಲೆ ಬೀಸಿದ. ಗದೆ ತಿರುಗಿ ಬಂದು ಅವನನ್ನೇ ಕೊಂದಿತು.

ಆದರೆ ಅಕ್ಕನ ಕಥೆಗೆ ಗದೆ ಬೇಡ. ಅಲ್ಲಿರುವುದು ಒಂದು ಕಾಗದ. ಕಾಗದವೇ ಬರೆದವನಿಗೆ ಮುಳುವಾದ ಕಥೆ ನಮ್ಮಲ್ಲಿ ಇದೆ, ಯಕ್ಷಗಾನ ನೋಡಿದವರಿಗೆ ಬಾಯಿಪಾಠ. ಚಂದ್ರಹಾಸ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುತ್ತದೆ. ಮಂತ್ರಿ ದುಷ್ಟಬುದ್ಧಿಗೆ ಈ ಅನಾಥ ಹುಡುಗ ಮುಂದೆ ರಾಜ್ಯ ಆಳುತ್ತಾನೆ ಅಂತ ಗೊತ್ತಾಗಿ ಹೊಟ್ಟೆಯೊಳಗೆ ಬೆಂಕಿ. ಕೊಲ್ಲಿಸಲು ಕಟುಕರನ್ನು ಕಳಿಸುತ್ತಾನೆ, ಅವರು ಕನಿಕರಪಟ್ಟು ಬಿಡುತ್ತಾರೆ. ವರ್ಷಗಳ ನಂತರ ಅದೇ ಹುಡುಗನ ಕೈಯಲ್ಲಿ ಮಗ ಮದನನಿಗೆ ಒಂದು ಪತ್ರ ಕೊಟ್ಟು ಕಳಿಸುತ್ತಾನೆ. ಇವನಿಗೆ ‘ವಿಷವ’ ಕೊಡು ಅಂತ. ಹುಡುಗ ತೋಟದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಮಂತ್ರಿಯ ಮಗಳು ವಿಷಯೆ ಬರುತ್ತಾಳೆ, ಪತ್ರ ಓದುತ್ತಾಳೆ, ಒಂದೇ ಒಂದು ಅಕ್ಷರ ತಿದ್ದುತ್ತಾಳೆ. ‘ವ’ ಇದ್ದಲ್ಲಿ ‘ಯೆ’. ವಿಷದ ಬದಲು ವಿಷಯೆ. ಅಪ್ಪ ಊರಿಗೆ ಬರುವಷ್ಟರಲ್ಲಿ ಮದುವೆ ಮುಗಿದಿರುತ್ತದೆ.

ಇಷ್ಟಕ್ಕೇ ಬಿಟ್ಟಿದ್ದರೆ ಅಳಿಯ ಅಂತ ಒಪ್ಪಿಕೊಂಡು ಇರಬಹುದಿತ್ತು. ಇಲ್ಲ. ಊರ ಹೊರಗಿನ ದೇವಿ ಗುಡಿಯಲ್ಲಿ ಕೊಲೆಗಾರರನ್ನು ನಿಲ್ಲಿಸಿ, ಪೂಜೆಗೆ ಹೋಗಿ ಬಾ ಅಂತ ಚಂದ್ರಹಾಸನಿಗೆ ಹೇಳುತ್ತಾನೆ. ಅವನ ಬದಲು ಮದನ ಹೋಗುತ್ತಾನೆ. ಸ್ವಂತ ಮಗ. ಆಟದಲ್ಲಿ ಮಗನ ಹೆಣ ನೋಡುವ ದುಷ್ಟಬುದ್ಧಿಯ ಪಾತ್ರವನ್ನು ಒಳ್ಳೆ ವೇಷಧಾರಿ ಮಾಡಿದರೆ, ಇಡೀ ರಾತ್ರಿ ಬೈದ ಜನವೇ ಸುಮ್ಮನಾಗುತ್ತಾರೆ. (ಕೊನೆಗೆ ದೇವಿ ಎಲ್ಲರನ್ನೂ ಬದುಕಿಸುತ್ತಾಳೆ, ಹೆದರಬೇಡಿ.)

ಹಳೇ ಮೇಷ್ಟ್ರು

ತೆಂಕುತಿಟ್ಟಿನವರೇ, ನೀವು ಹ್ಯಾಮ್ಲೆಟ್ ಕಥೆಯನ್ನೇ ಹೇಳಿದ್ದೀರಿ, ಗೊತ್ತೇ? ಆ ಸಾಲು ಬರುವುದೂ ಪತ್ರದ ವಿಷಯಕ್ಕೇ. ರಾಜ ಕ್ಲಾಡಿಯಸ್ ಹ್ಯಾಮ್ಲೆಟ್‌ನನ್ನು ಇಂಗ್ಲೆಂಡಿಗೆ ಕಳಿಸುತ್ತಾನೆ. ಜೊತೆಗೆ ಅವನ ಇಬ್ಬರು ಹಳೇ ಸಹಪಾಠಿಗಳು. ಅವರ ಕೈಯಲ್ಲಿ ಮುದ್ರೆ ಒತ್ತಿದ ಪತ್ರ: ಬಂದವನ ತಲೆ ತೆಗೆಯಿರಿ. ಹಡಗಿನಲ್ಲಿ ರಾತ್ರಿ ಹ್ಯಾಮ್ಲೆಟ್ ಆ ಪತ್ರ ಎತ್ತಿಕೊಂಡು, ಬೇರೆ ಬರೆದು, ಅಪ್ಪನ ಮುದ್ರೆಯುಂಗುರ ಒತ್ತಿ ಅಲ್ಲೇ ಇಡುತ್ತಾನೆ: ಪತ್ರ ತಂದವರ ತಲೆ ತೆಗೆಯಿರಿ.

ವಿಷಯೆ ಒಂದು ಅಕ್ಷರದಲ್ಲಿ ಮುಗಿಸಿದ್ದನ್ನು ಇವನು ಇಡೀ ಪತ್ರ ಬರೆದು ಮಾಡಿದ. ಜಾಣತನದಲ್ಲಿ ನಮ್ಮ ಹುಡುಗಿಯೇ ಮುಂದೆ.

ಇನ್ನೊಂದು ಮಾತು. ಪೆಟಾರ್ಡ್ ಸಾಲಿನ ಮುಂದೆಯೇ ಹ್ಯಾಮ್ಲೆಟ್ ಹೇಳುತ್ತಾನೆ, ಅವರ ಸುರಂಗಕ್ಕಿಂತ ಒಂದು ಗಜ ಕೆಳಗೆ ಅಗೆದು ಅವರನ್ನು ಚಂದ್ರನವರೆಗೆ ಹಾರಿಸುತ್ತೇನೆ ಅಂತ. ಆ ಕಾಲದ ಮುತ್ತಿಗೆಯಲ್ಲಿ ಹಾಗೇ ಮಾಡುತ್ತಿದ್ದರು. ಹೊರಗಿನವರು ಗೋಡೆ ಅಡಿಗೆ ಸುರಂಗ ತೋಡಿ ಮದ್ದು ತುಂಬುತ್ತಾರೆ, ಒಳಗಿನವರು ಅದರ ಅಡಿಗೆ ಇನ್ನೊಂದು ತೋಡುತ್ತಾರೆ. ಆದ್ದರಿಂದ ಮೂಲದ ಅರ್ಥದಲ್ಲಿ ಇದು ಆಕಸ್ಮಿಕ ಅಲ್ಲ. ಎದುರಾಳಿ ನಿನ್ನ ಮದ್ದನ್ನೇ ನಿನಗೆ ತಿರುಗಿಸುತ್ತಾನೆ. ಫೇಡಾ ಅವರ ಕಾಕಾ ಪ್ರಕರಣದಲ್ಲಿ ತೆಂಗಿನ ಚಿಪ್ಪನ್ನು ಯಾರೂ ಒದ್ದಿರಲಿಲ್ಲ ಅಲ್ವಾ?

ಧಾರವಾಡ ಫೇಡಾ

ನಾನು ಒದ್ದಿರಲಿಲ್ಲ ಅಂತ ಇಲ್ಲಿ ಹೇಳಬಲ್ಲೆ. ಕಾಕಾ ಓದುತ್ತಿರಬಹುದು.

ಕೋಲಾರದ ಮಾವು

ಹಳ್ಳವನ್ನು ಅಷ್ಟು ಸುಲಭಕ್ಕೆ ಬಿಡಬೇಡಿ. ನಮ್ಮ ಕಡೆ ತೆಲುಗಿನಲ್ಲೂ ‘ತಾನು ತೀಸಿನ ಗೋತಿಲೋ ತಾನೇ ಪಡ್ಡಟ್ಟು’ ಅಂತಾರೆ, ಪದಕ್ಕೆ ಪದ ಅದೇ. ಬೈಬಲ್ಲಿನ ಜ್ಞಾನೋಕ್ತಿಗಳ 26ನೇ ಅಧ್ಯಾಯದಲ್ಲೂ ಗುಂಡಿ ತೋಡಿದವನು ತಾನೇ ಬೀಳುವ ಮಾತಿದೆ. ಅದೇ ವಚನದಲ್ಲಿ ಕಲ್ಲು ಉರುಳಿಸಿದವನ ಮೇಲೇ ಕಲ್ಲು ಉರುಳಿ ಬರುತ್ತದೆ ಅಂತಲೂ ಇದೆ. ಹಳ್ಳವೂ ಕಲ್ಲೂ ಒಟ್ಟಿಗೆ.

ಫ್ರಾನ್ಸ್ ಕನ್ನಡಿಗ

ನಮ್ಮಲ್ಲಿ ಕಲ್ಲು ಬೇರೆ, ಹಳ್ಳ ಬೇರೆ. ‘ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ’ ಅಂದರೆ ದಡ್ಡತನ. ‘ಹಳ್ಳ ತೋಡಿದ’ ಅಂದರೆ ಇನ್ನೊಬ್ಬರಿಗೆ ಕೆಡುಕು ಬಗೆದ. ‘ಇರಲಾರದೆ ಇರುವೆ ಬಿಟ್ಟುಕೊಂಡ’ ಅಂದರೆ ಕೆಡುಕೂ ಇಲ್ಲ, ಉದ್ದೇಶವೂ ಇಲ್ಲ, ಬರೀ ತುರಿಕೆ. ಭಸ್ಮಾಸುರ ಅಂದರೆ ವರ ಕೊಟ್ಟವನಿಗೇ ತಿರುಗಿಬಿದ್ದದ್ದು. ಇಂಗ್ಲಿಷಿನವರು ಎಲ್ಲಕ್ಕೂ ಒಂದೇ ಪೆಟಾರ್ಡ್ ಎಸೆಯುತ್ತಾರೆ.

ಮೈಸೂರು ಕಡೆಯವ

‘ಖೆಡ್ಡಾಕ್ಕೆ ಬಿದ್ದ’ ಕೂಡ ಇದೆ. ಆದರೆ ಅದು ಬೇರೆಯವರು ಒಡ್ಡಿದ್ದಕ್ಕೆ ಬಿದ್ದದ್ದು. ಅಷ್ಟಕ್ಕೂ ಖೆಡ್ಡಾ ಅಂದರೆ ಗುಂಡಿ ಅಲ್ಲ. ಕಾಕನಕೋಟೆಯಲ್ಲಿ ಆನೆ ಹಿಂಡನ್ನು ಅಟ್ಟಿಕೊಂಡು ಬಂದು ದಿಮ್ಮಿ ಬೇಲಿಯೊಳಗೆ ಕೂಡುತ್ತಿದ್ದರು. ಅಲ್ಲಿ ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ತಾತ ಹೇಳುತ್ತಿದ್ದರು, ಹಿಡಿದ ಆನೆಯನ್ನು ಪಳಗಿಸುವುದಕ್ಕೆ ಹಿಂದೆ ಹಿಡಿದ ಆನೆಯೇ ಬೇಕು ಅಂತ. ಅದು ಬೇರೆ ಕಥೆ, ಬಿಡಿ.

ಮೂರನೇ ಬೆಂಚು

ನಾನೂ ಎರಡು ಉದಾಹರಣೆ ಕೊಡ್ತೀನಿ. ಒಂದು, ತಲೆ ಕತ್ತರಿಸುವ ಯಂತ್ರ ಗಿಲೊಟಿನ್ ಕಂಡುಹಿಡಿದ ಡಾಕ್ಟರ್ ಆ ಗಿಲೊಟಿನ್‌ಗೇ ಬಲಿಯಾದ. ಎರಡು, ದೆಹಲಿಯಲ್ಲಿ ಬ್ರಿಟಿಷರು ನಾಗರಹಾವು ಕೊಂದು ತಂದರೆ ಇನಾಮು ಅಂದರು, ಜನ ಹಾವು ಸಾಕೋಕೆ ಶುರು ಮಾಡಿದರು.

ಫ್ರಾನ್ಸ್ ಕನ್ನಡಿಗ

ತಮ್ಮಾ, ಎರಡೂ ಕೈಕೊಡುತ್ತವೆ. ಆ ಯಂತ್ರಕ್ಕೆ ಹೆಸರು ಬಂದ ಡಾಕ್ಟರ್ ಗಿಯೊತಾಂ 1814ರಲ್ಲಿ ಹಾಸಿಗೆ ಮೇಲೆ ಕಾಯಿಲೆಯಿಂದ ಸತ್ತ. ಯಂತ್ರ ಕಟ್ಟಿದವನೂ ಅವನಲ್ಲ. ನೋವಿಲ್ಲದ ಒಂದೇ ಥರದ ಶಿಕ್ಷೆ ಇರಲಿ ಅಂತ ಸಲಹೆ ಕೊಟ್ಟವನು. ನಿನಗೆ ಬೇಕಾದ ಆಳು ಫ್ರೆಂಚ್ ಕ್ರಾಂತಿಯ ನಾಯಕ ರೋಬೆಸ್ಪಿಯರ್. ಎಷ್ಟೋ ಜನರನ್ನು ಆ ಹಲಗೆಗೆ ಕಳಿಸಿದವನು 1794ರ ಜುಲೈ 28ರಂದು ತಾನೇ ಹೋದ.

ದೆಹಲಿ ಹಾವಿನ ಕಥೆಗೆ ಗಟ್ಟಿ ದಾಖಲೆ ಇಲ್ಲ. ವಿಯೆಟ್ನಾಮಿನ ಹನೋಯಿ ಊರಿನ ಇಲಿಗಳ ಕಥೆಗೆ ಇದೆ, ಅದು ಇನ್ನೂ ಮಜವಾಗಿದೆ. ಫ್ರೆಂಚರು ಹನೋಯಿಯಲ್ಲಿ ತಮ್ಮ ಬಡಾವಣೆಗೆ ಅಂತ ನೆಲದಡಿಯ ಚರಂಡಿ ಕಟ್ಟಿಸಿದರು. ತಂಪು, ಕತ್ತಲೆ. ಇಲಿಗಳಿಗೆ ಅರಮನೆ. ಪ್ಲೇಗಿನ ಭಯ ಹತ್ತಿತು. 1902ರಲ್ಲಿ ಇಲಿ ಹಿಡಿಯೋಕೆ ಕೂಲಿಗಳನ್ನು ಚರಂಡಿಗೆ ಇಳಿಸಿದರು, ದಿನಕ್ಕೆ ಸಾವಿರಗಟ್ಟಲೆ ಕೊಂದರು. ಸಾಲದು ಅಂತ ಊರ ಜನಕ್ಕೂ ಇನಾಮು ಇಟ್ಟರು, ಒಂದು ಬಾಲಕ್ಕೆ ಒಂದು ಸೆಂಟ್. ಇಡೀ ಇಲಿ ತಂದರೆ ಹೂಳುವವರು ಯಾರು ಅಂತ ಬಾಲ ಸಾಕು ಅಂದರು. ಸ್ವಲ್ಪ ದಿನದಲ್ಲೇ ಊರ ತುಂಬಾ ಬಾಲವಿಲ್ಲದ ಇಲಿಗಳು ಆರಾಮಾಗಿ ಓಡಾಡುತ್ತಿದ್ದವು. ಬಾಲ ಕತ್ತರಿಸಿ ಬಿಟ್ಟರೆ ಅವು ಮರಿ ಹಾಕುತ್ತವಲ್ಲ, ಮರಿಗೆ ಬಾಲ ಇರುತ್ತದಲ್ಲ! ಊರ ಹೊರಗೆ ಇಲಿ ಸಾಕಣೆಯೂ ಸಿಕ್ಕಿತು. ಇನಾಮು ನಿಲ್ಲಿಸಿದರು.

ಧಾರವಾಡ ಫೇಡಾ

ಇಲಿ ಹಿಡಿಯೋಕೆ ಹೋಗಿ ಇಲಿ ಸಾಕಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಇಲ್ಲಿ ಗಣಪತಿ ಬಿಟ್ಟು ಬರೀ ವಾಹನ ಬಂತು.

ಅಡಿಕೆ ತೋಟ

ಎಲ್ಲ ಓದುತ್ತಿದ್ದೇನೆ. ನಗುವೂ ಬಂತು. ಆದರೆ ಒಂದು ವಿಷಯ ಹೇಳದೆ ಇರಲಾರೆ.

ನಮ್ಮ ಸೀಮೆಯಲ್ಲಿ ಕಾಡುಹಂದಿ ಕಾಟ. ಮುಸುಕಿನ ಜೋಳ ತೆನೆ ಕಟ್ಟುವ ಹೊತ್ತಿಗೆ ಒಂದು ರಾತ್ರಿಯಲ್ಲಿ ಅರ್ಧ ಎಕರೆ ಉತ್ತಿದ ಹಾಗೆ ಮಾಡಿ ಹೋಗುತ್ತವೆ. ಸೋಲಾರ್ ಬೇಲಿ ಇದೆ, ಅದು ಕ್ಷಣಕ್ಷಣಕ್ಕೆ ಬಡಿದು ಬಿಡುತ್ತದೆ, ಹೆದರಿಸುತ್ತದೆ, ಕೊಲ್ಲುವುದಿಲ್ಲ. ಅದಕ್ಕೆ ದುಡ್ಡು ಬೇಕು. ದುಡ್ಡಿಲ್ಲದವರು ಪಂಪ್‌ಸೆಟ್ಟಿನ ಲೈನಿನಿಂದ ತಂತಿಗೆ ನೇರ ಕರೆಂಟು ಕೊಡುತ್ತಾರೆ. ಅದು ತಪ್ಪು, ಕಾನೂನಿಗೂ ವಿರುದ್ಧ. ನಮ್ಮ ಪಕ್ಕದ ಹೊಲದವರು ರಾತ್ರಿ ಹಾಕಿ ಬೆಳಗ್ಗೆ ತೆಗೆಯುತ್ತಿದ್ದರು. ಒಂದು ದಿನ ಇನ್ನೂ ಮಬ್ಬು ಇರುವಾಗ ನೀರು ತಿರುಗಿಸಲು ಹೋದರು. ತೆಗೆದಿದ್ದೇನೆ ಅಂದುಕೊಂಡಿದ್ದರು. ಗುದ್ದಲಿ ಕೈಯಲ್ಲೇ ಇತ್ತು.

ಊರಲ್ಲಿ ಒಬ್ಬರು ‘ತೋಡಿದ ಹಳ್ಳಕ್ಕೆ ತಾನೇ ಬಿದ್ದ’ ಅಂದರು. ನಾನು ಅವತ್ತಿಂದ ಅವರ ಜೊತೆ ಮಾತು ಬಿಟ್ಟಿದ್ದೇನೆ. ಆ ಮನುಷ್ಯ ಹಳ್ಳ ತೋಡಿದ್ದು ಜೋಳ ಉಳಿಸಿಕೊಳ್ಳೋಕೆ. ಮೇಷ್ಟ್ರು ಹೇಳಿದರಲ್ಲ, ಹಾರುವುದನ್ನು ನೋಡುವುದೇ ಮಜಾ ಅಂತ. ಆ ಮಜಾ ಎಲ್ಲ ಕಡೆ ಬರಬಾರದು. ಅಕ್ಕ, ನಿಮ್ಮ ಕಥೆಯ ಮಾಲೀಕನಿಗೆ ಬಂದರೆ ಅಡ್ಡಿಯಿಲ್ಲ.

ಹಳೇ ಮೇಷ್ಟ್ರು

ನೀವು ಹೇಳಿದ್ದು ಸರಿ. ಹ್ಯಾಮ್ಲೆಟ್ ಕಳಿಸಿದ ಆ ಇಬ್ಬರು ಸಹಪಾಠಿಗಳಿಗೂ ಪತ್ರದಲ್ಲಿ ಏನಿತ್ತು ಅಂತ ಗೊತ್ತಿತ್ತೋ ಇಲ್ಲವೋ, ನಾಟಕ ಹೇಳುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದೆ, ಪ್ರತಿ ವರ್ಷ ಒಬ್ಬ ಹುಡುಗನಾದರೂ ಅದನ್ನೇ ಕೇಳುತ್ತಿದ್ದ.

ತೆಂಕುತಿಟ್ಟು

ರಾತ್ರಿ ಮಲಗಿದ ಮೇಲೆ ಹೊಳೆಯಿತು. ಮೇಷ್ಟ್ರೇ, ಶೇಕ್ಸ್‌ಪಿಯರ್ ಅಲ್ಲಿ ಬಳಸಿದ ಪದ ‘ಎಂಜಿನರ್’ ತಾನೇ? ಯುದ್ಧದ ಯಂತ್ರ ಮಾಡುವವ. ನಮ್ಮಲ್ಲಿ ಆ ಇಂಜಿನಿಯರ್ ಯಾರು ಗೊತ್ತುಂಟಾ? ಪುರೋಚನ!

ವಾರಣಾವತದಲ್ಲಿ ಅರಗಿನ ಮನೆ ಕಟ್ಟಿಸಿದವನು. ಅರಗು, ತುಪ್ಪ, ಎಣ್ಣೆ, ಸೆಣಬು ಎಲ್ಲ ಸೇರಿಸಿ ಗೋಡೆ. ಒಳಗೆ ಕಾಲಿಟ್ಟ ಕೂಡಲೇ ಧರ್ಮರಾಯನಿಗೆ ತುಪ್ಪ ಅರಗಿನ ವಾಸನೆ ಹೊಡೆಯುತ್ತದೆ. ವಿದುರ ಒಬ್ಬ ಸುರಂಗ ತೋಡುವವನನ್ನು ಕಳಿಸುತ್ತಾನೆ. ನೋಡಿ, ‘ಒಂದು ಗಜ ಕೆಳಗೆ ಅಗೆದು’! ಕೊನೆಗೆ ಪಾಂಡವರೇ ಬೆಂಕಿ ಇಟ್ಟು ಸುರಂಗದಲ್ಲಿ ಹೋಗುತ್ತಾರೆ. ಪುರೋಚನ ತಾನು ಕಟ್ಟಿದ ಮನೆಯಲ್ಲೇ ಸುಟ್ಟುಹೋಗುತ್ತಾನೆ.

ಇಂಜಿನಿಯರ್ ಇದ್ದಾನೆ, ಬೆಂಕಿ ಇದೆ, ಸುರಂಗ ಇದೆ. ಅಕ್ಕನ ಕಥೆಯಲ್ಲಿ ಮನೆಯೂ ಇದೆ. ವಕೀಲನ ಬಾಯಿಗೆ ಇದು ಹಾಕಿ: ‘ಅರಗಿನ ಮನೆ ಕಟ್ಟಿದವನೇ ಒಳಗೆ ಉಳಿದ.’

ಅಡಿಕೆ ತೋಟ

ಒಳಗೆ ಉಳಿದವಳು ಇನ್ನೊಬ್ಬಳೂ ಇದ್ದಳು. ಊಟಕ್ಕೆ ಬಂದು ಮಲಗಿದ್ದ ಬೇಡರ ಹೆಂಗಸು, ಐದು ಮಕ್ಕಳ ಜೊತೆ. ಹಗೆಗಳು ಆ ಹೆಣಗಳನ್ನೇ ಪಾಂಡವರದ್ದು ಅಂದುಕೊಂಡರು. ನೆನಪಾಯಿತು, ಹೇಳಿದೆ.

ಕಾಗದದ ದೋಣಿ

ನಿನ್ನೆಯಿಂದ ಇಷ್ಟು ಓದಿದ ಮೇಲೆ ಕಥೆಯನ್ನೇ ಬೇರೆ ಕಣ್ಣಿಂದ ನೋಡುತ್ತಿದ್ದೇನೆ. ‘ಅರಗಿನ ಮನೆ’ 100ಕ್ಕೆ 100 ಹೊಂದುತ್ತದೆ, ತುಂಬಾ ಆಸೆಯಾಯಿತು. ಆದರೆ ಲಂಡನ್ನಿನ ವಕೀಲ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಅರಗಿನ ಮನೆ ಅಂದರೆ ಓದುಗರು ಪುಸ್ತಕ ಮುಚ್ಚಿ ಮುಖಪುಟ ನೋಡುತ್ತಾರೆ. ‘ತಿರುಗುಬಾಣ’ ಹಾಕಿ ನೋಡಿದೆ, ಪೇಪರಿನ ಹೆಡ್‌ಲೈನ್ ಥರ ಕೇಳುತ್ತದೆ. ಕ್ಷಮಿಸಿ ಫೇಡಾ ಅವರೇ. ಮದ್ದಿನ ವಾಸನೆ ಇರುವ ಒಂದು ಸಾದಾ ಮಾತು ಬೇಕು.

ಕೋಲಾರದ ಮಾವು

ಮದ್ದು ಅಂದಿರಿ. ಆ ಪದ ನೀವೇ ಹೇಳಿದಿರಿ, ಅಕ್ಕ.

ನಮ್ಮ ತಾತ ಬಾವಿ ತೋಡುವ ಕೆಲಸ ಮಾಡುತ್ತಿದ್ದರು. ನಮ್ಮ ಕಡೆ ಸ್ವಲ್ಪ ಇಳಿದರೆ ಬಂಡೆ. ಬಂಡೆಗೆ ಉಳಿ ಸುತ್ತಿಗೆಯಲ್ಲಿ ತೂತು ಕೊರೆಯುವುದು, ಮದ್ದು ತುಂಬುವುದು, ಬತ್ತಿ ಇಟ್ಟು ಮಣ್ಣು ಗಿಡಿಯುವುದು. ಇದಕ್ಕೆ ‘ಮದ್ದಿಡೋದು’ ಅಂತಲೇ ಹೆಸರು. ಎಲ್ಲರೂ ಮೇಲೆ ಹತ್ತುತ್ತಾರೆ. ಕೊನೆಗೆ ಒಬ್ಬ ಕೆಳಗೆ ಉಳಿದು, ಬೀಡಿ ತುದಿಯಿಂದ ಬತ್ತಿ ಹಚ್ಚಿ, ಹಗ್ಗ ಹಿಡಿದು ಹತ್ತಬೇಕು. ಅವನು ಯಾರು? ಮದ್ದಿಟ್ಟವನೇ. ಇಟ್ಟ ನಾಲ್ಕರಲ್ಲಿ ಮೂರೇ ಸಿಡಿದರೆ, ಇಳಿದು ನಾಲ್ಕನೆಯದನ್ನು ನೋಡಬೇಕಾದವನೂ ಅವನೇ. ತಾತ ಸಿಡಿತ ಎಣಿಸುವಾಗ ಯಾರೂ ಮಾತಾಡಬಾರದಿತ್ತು. ನಮ್ಮಜ್ಜಿ ಮನೆಯಲ್ಲಿ ಕೂತು ಎಣಿಸುತ್ತಿದ್ದರಂತೆ. ತಾತನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ.

ಮೇಷ್ಟ್ರು ಪೆಟಾರ್ಡ್ ಬಗ್ಗೆ ಬರೆದದ್ದು ಓದುವಾಗ ನನಗೆ ಕಂಡಿದ್ದು ಕೋಟೆ ಅಲ್ಲ, ಆ ಬಾವಿ. ‘ತಾನಿಟ್ಟ ಮದ್ದಿಗೆ ತಾನೇ ಹಾರಿದ’ ಅಂತ ಬರೆಯಿರಿ.

ಹಳೇ ಮೇಷ್ಟ್ರು

ಆಹಾ. ಮದ್ದು ಅಂದರೆ ಕೋವಿ ಮದ್ದೂ ಹೌದು, ಔಷಧವೂ ಹೌದು. ‘ಯಾರೋ ಮದ್ದು ಹಾಕಿದ್ದಾರೆ’ ಅಂದರೆ ಗುಟ್ಟಾಗಿ ಊಟದಲ್ಲಿ ಬೆರೆಸಿದ ವಿಷವೂ ಹೌದು. ಕರಾರುಪತ್ರದೊಳಗೆ ಗುಟ್ಟಾಗಿ ಬೆರೆಸಿದ ಸಾಲಿಗೆ ಇದಕ್ಕಿಂತ ಬೇಕೇ? ಶೇಕ್ಸ್‌ಪಿಯರ್‌ಗೆ ಹೂಸು ಒಂದೇ ಸಿಕ್ಕಿತ್ತು, ನಮಗೆ ಮೂರು ಅರ್ಥ ಸಿಕ್ಕಿತು.

ಮೈಸೂರು ಕಡೆಯವ

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳು ಇವೆಯಲ್ಲ, ಅದೇ ಮದ್ದು. ಅವುಗಳಲ್ಲಿ ಒಂದು ಮನೆ ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಆ ಆ್ಯಪ್ ಹೇಳಿದ ‘ಮೇಲಕ್ಕೆತ್ತಲ್ಪಟ್ಟನು’ ಅಲ್ಲಿಗೆ ಸರಿಹೋಗುತ್ತದೆ.

ಮೂರನೇ ಬೆಂಚು

ಹಾಗಾದರೆ ಕ್ರೇನ್ ಅಂದದ್ದು ಪೂರ್ತಿ ತಪ್ಪಲ್ಲ!

ಕಾಗದದ ದೋಣಿ

‘ತಾನಿಟ್ಟ ಮದ್ದಿಗೆ ತಾನೇ ಹಾರಿದ.’ ಹಾಕಿದೆ. ಜೋರಾಗಿ ಓದಿ ನೋಡಿದೆ. ವಕೀಲ ಮೆಲ್ಲಗೆ ಹೇಳಿದರೂ ಸದ್ದು ಕೇಳಿಸುತ್ತದೆ. ಮಾವಿನವರಿಗೆ, ಅವರ ತಾತನಿಗೆ ನಮಸ್ಕಾರ. ಪತ್ರಿಕೆಯವರಿಗೆ ಕಳಿಸಿದೆ.

ಕಾಗದದ ದೋಣಿ (ಹತ್ತು ದಿನದ ನಂತರ)

ಕರಡು ಅಚ್ಚಾಗಿ ಬಂತು. ಸಂಪಾದಕರಿಗೆ ಆ ಸಾಲು ಇಷ್ಟವಾಗಿ ಪುಟದ ಮಧ್ಯೆ ದಪ್ಪಕ್ಷರದಲ್ಲಿ ಎತ್ತಿ ಹಾಕಿದ್ದಾರೆ. ಅಚ್ಚು ಜೋಡಿಸಿದವರು ಯಾರೋ ‘ಮ’ಕ್ಕೆ ಒಂದು ಕೊಂಬು ಕೊಟ್ಟಿದ್ದಾರೆ.

‘ತಾನಿಟ್ಟ ಮುದ್ದಿಗೆ ತಾನೇ ಹಾರಿದ.’

ತೆಂಕುತಿಟ್ಟು

ವಿಷಯೆ ಬಂದು ಹೋಗಿದ್ದಾಳೆ!

ಧಾರವಾಡ ಫೇಡಾ

ತಿದ್ದಬೇಡ್ರಿ. ಕಾಕಾಗೆ ತೋರಿಸಬೇಕು.